ಸರ್ಕಾರದ ಕೋಳಿಗಾಡಿ

೧. ಕೈಮುಗಿದದ್ದು

ಯಂತ್ರ ಬಂದ ದಿನ ನಮ್ಮೂರ ಪಟೇಲರು ಅದಕ್ಕೆ ಕೈಮುಗಿದರು. ಸರ್ಕಾರದಿಂದ ಏನು ಬಂದರೂ ಮೊದಲು ಕೈಮುಗಿಯುವುದು, ಆಮೇಲೆ ಏನೆಂದು ಕೇಳುವುದು ಅವರ ಪದ್ಧತಿ. ಹಿಂದೊಮ್ಮೆ ಸಿಡುಬಿಗೆ ದಾಕು ಹಾಕುವವನ ಪೆಟ್ಟಿಗೆಗೂ ಮುಗಿದಿದ್ದರು. ಪೆಟ್ಟಿಗೆ ಹೊತ್ತು ತಂದ ಆಳು ತನಗೇ ಮುಗಿದರೆಂದು ತಿಳಿದು ಎರಡು ದಿನ ಅವರ ಮನೆಯಲ್ಲೇ ಊಟಕ್ಕೆ ನಿಂತ.

ಯಂತ್ರ ಎರಡು ಎತ್ತಿನ ಗಾಡಿಯ ಮೇಲೆ ಬಂತು. ಒಂದರಲ್ಲಿ ಕಬ್ಬಿಣದ ಚಕ್ರಗಳು, ಇನ್ನೊಂದರಲ್ಲಿ ಉಳಿದದ್ದು. ಹಿಂದೆ ಸೈಕಲ್ಲಿನ ಮೇಲೆ ವ್ಯವಸಾಯದ ಇನ್‌ಸ್ಪೆಕ್ಟರು. ಚಿಕ್ಕ ವಯಸ್ಸು, ದೊಡ್ಡ ಟೋಪಿ. ಆಗ ಯುದ್ಧದ ಕಾಲ. ಸಮುದ್ರದಾಚೆಯ ಸೀಮೆಯಿಂದ ಹೊಸ ಸಾಮಾನು ಬರುವಂತಿರಲಿಲ್ಲ. ಇದು ಎಷ್ಟೋ ವರ್ಷದಿಂದ ಯಾವುದೋ ಉಗ್ರಾಣದಲ್ಲಿ ಬಿದ್ದಿತ್ತಂತೆ. ಅಲ್ಲಿ ಜಾಗ ಬೇಕಾಯಿತು. ನಮ್ಮೂರಿಗೆ ಸುಧಾರಣೆ ಬಂತು.

ಇನ್‌ಸ್ಪೆಕ್ಟರು ಊರಿನವರನ್ನು ಅರಳಿಕಟ್ಟೆಯ ಹತ್ತಿರ ಸೇರಿಸಿ ವಿವರಿಸಿದರು. ಇಂಗ್ಲೆಂಡಿನಲ್ಲಿ ಹುಲ್ಲು ಕೊಯ್ದರೆ ಬೇಗ ಒಣಗುವುದಿಲ್ಲ, ಮಳೆ ಬರುತ್ತಲೇ ಇರುತ್ತದೆ, ಹುಲ್ಲು ಮುಗ್ಗುತ್ತದೆ. ಈ ಯಂತ್ರವನ್ನು ಹುಲ್ಲಿನ ಮೇಲೆ ಎಳೆದರೆ ಇದರ ಹಿಂದಿನ ಕವೆಗಳು ಹುಲ್ಲನ್ನು ಎತ್ತಿ ಹಾರಿಸುತ್ತವೆ, ಒಳಗೆ ಗಾಳಿ ಆಡುತ್ತದೆ, ವಾರದಲ್ಲಿ ಒಣಗುವುದು ಎರಡು ದಿನಕ್ಕೆ ಒಣಗುತ್ತದೆ. ಇದರ ಹೆಸರು ಟೆಡ್ಡರ್.

ಪಟೇಲರು ಎಲ್ಲಾ ಕೇಳಿದರು.

"ಅಲ್ಲಿ ಬಿಸಿಲಿಲ್ವಾ ಸ್ವಾಮಿ?"

"ಬಹಳ ಅಪರೂಪ."

"ಇಲ್ಲಿ ಇರೋದು ಅದೊಂದೇ ಸ್ವಾಮಿ."

ನಮಗೆ ಬೇಕಾಗಿದ್ದದ್ದು ಯಂತ್ರವಲ್ಲ, ಬಾವಿ. ಊರಲ್ಲಿದ್ದ ಒಂದು ಬಾವಿಯ ನೀರು ಉಪ್ಪು. ದನ ಕುಡಿಯುತ್ತಿದ್ದವು, ಅವೂ ಮುಖ ಕಿವುಚಿಕೊಂಡು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಸಿಹಿನೀರು ಬೇಕೆಂದರೆ ಹೆಂಗಸರು ಒಂದೂವರೆ ಮೈಲಿ ನಡೆದು ಹಳ್ಳದ ತಲಪರಿಗೆಗೆ ಹೋಗಬೇಕು. ತಲಪರಿಗೆ ಎಂದರೆ ಮರಳು ತೋಡಿದಲ್ಲಿ ಒಸರುವ ನೀರು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುವಷ್ಟರಲ್ಲಿ ಇನ್ನೊಬ್ಬಳ ಸಂಸಾರದ ಕಥೆ ಪೂರ್ತಿ ಮುಗಿಯುತ್ತಿತ್ತು. ಸಿಹಿನೀರಿನ ಬಾವಿ ತೋಡಿಸಿಕೊಡಿ ಎಂದು ಮೂರು ಸಲ ಅರ್ಜಿ ಹಾಕಿದ್ದೆವು. ತಾಲ್ಲೂಕಿನ ಅಮಲ್ದಾರರು ಸ್ಥಳ ನೋಡದೆ ಮಂಜೂರು ಮಾಡುವಂತಿಲ್ಲ ಎಂದು ಮೂರು ಸಲವೂ ಉತ್ತರ ಬಂತು. ನಮ್ಮೂರು ಮಧುಗಿರಿಗೂ ದೂರ, ಶಿರಾಕ್ಕೂ ದೂರ. ನೋಡಲು ಯಾರು ಬರುತ್ತಾರೆ?

ಇನ್‌ಸ್ಪೆಕ್ಟರು, ಯಂತ್ರ ನಡೆಯುವುದನ್ನು ನೋಡಲು ಖುದ್ದು ಅಮಲ್ದಾರರೇ ಬರುತ್ತಾರೆ ಎಂದರು. ಪಟೇಲರು ಯಂತ್ರಕ್ಕೆ ಎರಡನೆಯ ಸಲ ಕೈಮುಗಿದರು. ಈ ಸಲ ಕಾರಣವಿತ್ತು.

ಹುಲ್ಲು ಯಾರದು ಎಂಬ ಮಾತು ಬಂತು. ನನ್ನ ಮೂರು ಎಕರೆ ಬೀಳು ರಸ್ತೆಯ ಪಕ್ಕದಲ್ಲೇ ಇತ್ತು. ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಕೊಡ್ತೀಯಾ ಎಂದು ಕೇಳಿದರು. ಹೂಂ ಅಂದೆ.

ಮನೆಗೆ ಬಂದಾಗ ನಮ್ಮಾಕೆ, ನಮ್ಮ ಹುಲ್ಲಿಗೆ ಏನು ಮಾಡ್ತಾರಂತೆ ಅಂತ ಕೇಳಿದಳು.

"ಒಣಗಿಸ್ತಾರಂತೆ."

"ತಾನಾಗೇ ಒಣಗಾಕೆ ಬರಾಕಿಲ್ವಾ ಅದ್ಕೆ?"

ಇಲಾಖೆಯ ಅಷ್ಟು ಕಾಗದಗಳಲ್ಲಿ ಈ ಪ್ರಶ್ನೆ ಒಂದು ಕಡೆಯೂ ಇರಲಿಲ್ಲ.

೨. ಮುಖ ಯಾವ ಕಡೆ

ಯಂತ್ರವನ್ನು ಜೋಡಿಸಲು ಪಾವಗಡದ ಕಡೆಯಿಂದ ಬಂದು ನೆಲೆಸಿದ್ದ ಕಮ್ಮಾರನನ್ನು ಕರೆಸಿದರು. ಇನ್‌ಸ್ಪೆಕ್ಟರು ಇಂಗ್ಲಿಷ್ ಪುಸ್ತಕ ಬಿಚ್ಚಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುವರು. ಕಮ್ಮಾರ ತಲೆಯಾಡಿಸುವನು. ಅವನ ಮನೆಮಾತು ತೆಲುಗು. ಅವನು ಆ ಸಾಲನ್ನೂ ಕೇಳಲಿಲ್ಲ, ಈ ಸಾಲನ್ನೂ ಕೇಳಲಿಲ್ಲ. ತನಗೆ ತಿಳಿದಂತೆ ಹೊಡೆದ. ಎರಡು ದಿನ ಹೊಡೆದ.

ಕೊನೆಗೆ ಯಂತ್ರ ನಿಂತಿತು. ನೆಲದ ಮೇಲೆ ಒಂದು ಸುರುಳಿ ತಂತಿ, ಸೌಟಿನಂಥ ಒಂದು ತುಂಡು ಉಳಿದವು. ಇನ್‌ಸ್ಪೆಕ್ಟರು ಪುಸ್ತಕವನ್ನು ಮೊದಲಿನಿಂದ ತಿರುವಿದರು. ಬೆವರು ಒರೆಸಿಕೊಂಡರು. ಕಮ್ಮಾರ ಸಮಾಧಾನ ಹೇಳಿದ.

"ಉಳಿದ್ರೆ ಮಂಚಿದೇ ಸ್ವಾಮಿ. ಸಾಲದೆ ಬಂದಿದ್ರೆ ಕಷ್ಟ."

ಅದು ಅವರಿಗೂ ಸರಿ ಎನಿಸಿತು. ಎರಡನ್ನೂ ಕಾಗದದಲ್ಲಿ ಸುತ್ತಿ, ಮೇಲೆ 'ಹೆಚ್ಚುವರಿ' ಎಂದು ಬರೆದು ಇಟ್ಟುಕೊಂಡರು.

ನಾಲ್ಕು ಜನ ಸೇರಿ ಯಂತ್ರವನ್ನು ತಳ್ಳಿ ನೋಡಿದೆವು. ಚಕ್ರ ಉರುಳಿದಂತೆ ಹಿಂದಿನ ಕವೆಗಳು ಒಂದಾದ ಮೇಲೊಂದು ನೆಲಕ್ಕೆ ಇಳಿದು ಹಿಂದಕ್ಕೆ ಒದ್ದವು. ನೋಡುತ್ತಿದ್ದ ಒಬ್ಬ ಮುದುಕಿ, ಕೋಳಿ ತಿಪ್ಪೆ ಕೆದರಿದಂಗೆ ಐತೆ ಎಂದಳು. ಅವತ್ತಿನಿಂದ ಅದು ಕೋಳಿಗಾಡಿ. ಇನ್‌ಸ್ಪೆಕ್ಟರು ಒಂದು ವಾರ ಎಲ್ಲರನ್ನೂ ತಿದ್ದಿದರು. ಟೆಡ್ಡರ್ ಅನ್ನಿ, ಟೆಡ್ಡರ್ ಅನ್ನಿ ಎಂದರು. ಎಂಟನೆಯ ದಿನ ಬೆಳಿಗ್ಗೆ ಬಂದವರೇ, ಕೋಳಿಗಾಡಿಗೆ ಎಣ್ಣೆ ಬಿಟ್ಟಿರಾ ಎಂದು ಕೇಳಿದರು.

ಹೊಸದನ್ನು ಪೂಜೆ ಮಾಡದೆ ಮುಟ್ಟುವುದು ನಮ್ಮಲ್ಲಿ ಇಲ್ಲ. ಪೂಜಾರಿ ಬಂದ. ಚಕ್ರದಡಿ ನಿಂಬೆಹಣ್ಣು ಇಟ್ಟ. ಕುಂಕುಮ ಹಿಡಿದು ನಿಂತು, ಇದರ ಮುಖ ಯಾವ ಕಡೆ ಎಂದು ಕೇಳಿದ. ಎಳೆಯುವ ಮೂಕಿ ಇರುವ ಕಡೆಯೇ ಮುಂದು ಎಂದರು ಇನ್‌ಸ್ಪೆಕ್ಟರು. ಆ ಕಡೆ ಇದು ಏನೂ ಮಾಡುವುದಿಲ್ಲ, ಮಾಡುವುದೆಲ್ಲಾ ಹಿಂದೆ, ಕೆಲಸ ಮಾಡದ ಕಡೆಗೆ ಹೇಗೆ ಪೂಜೆ ಮಾಡಲಿ ಎಂದ ಪೂಜಾರಿ. ಪುಸ್ತಕದಲ್ಲಿ ನೋಡಿದರು. ಅದರಲ್ಲಿ ಮುಖದ ವಿಷಯ ಬರೆದಿರಲಿಲ್ಲ. ಅರ್ಧ ಗಂಟೆ ವಾದ ನಡೆಯಿತು. ತೆಂಗಿನಕಾಯಿ ಹಿಡಿದವನ ಕೈ ಸೋತಿತು.

ಪಟೇಲರು ತೀರ್ಮಾನ ಹೇಳಿದರು.

"ಸರ್ಕಾರದ್ದು. ಮುಖ ಯಾವ್ ಕಡೀಕಿದೆಯೋ ಯಾರಿಗ್ ಗೊತ್ತು? ಎಲ್ಡೂ ಕಡೀಕೂ ಹಚ್ಚಲಾ."

೩. ಎತ್ತಿನ ವಿದ್ಯೆ

ಹುಲ್ಲು ಕೊಯ್ಯಿಸಿದೆ. ಹೊಲದ ತುಂಬ ಹರಡಿದೆವು. ಮೊದಲು ಒಂದು ಎಕರೆ ಪರೀಕ್ಷೆ ಎಂದರು ಇನ್‌ಸ್ಪೆಕ್ಟರು. ನನ್ನ ಎತ್ತುಗಳನ್ನೇ ಹೂಡಿದೆ. ವಯಸ್ಸಾದ ಜೋಡಿ, ಸಾಧು. ಯಂತ್ರದ ಮೇಲೆ ಒಂದು ಕಬ್ಬಿಣದ ಪೀಠವಿತ್ತು. ಅದರ ಮೇಲೆ ಪಟೇಲರು ಕುಳಿತರು. ಊರಿನಲ್ಲಿ ಕೂರುವ ಜಾಗ ಎಲ್ಲಿದ್ದರೂ ಮೊದಲು ಅವರೇ ಕೂರಬೇಕು.

ಎತ್ತುಗಳು ಹತ್ತು ಹೆಜ್ಜೆ ನೆಟ್ಟಗೆ ಹೋದವು. ಕಾಲಿಗೆ ಹುಲ್ಲು ಸಿಕ್ಕಿತು. ಎಡಕ್ಕೆ ತಿರುಗಿದವು. ತಿರುಗಿದವು ತಿರುಗುತ್ತಲೇ ಹೋದವು. ಒಂದು ಸುತ್ತು, ಎರಡು ಸುತ್ತು. ಇನ್‌ಸ್ಪೆಕ್ಟರು ನೆಟ್ಟಗೆ ಹೊಡೆಯಿರಿ ಎಂದು ಕೂಗಿದರು. ಪಟೇಲರು ಹಗ್ಗ ಜಗ್ಗಿದರು, ಬಾಲ ಮುರಿದರು, ಅವುಗಳ ತಾಯಂದಿರನ್ನು ಬೈದರು. ಎತ್ತು ಅವರ ಮಾತನ್ನೂ ಗೌರವದಿಂದ ಕೇಳಿಕೊಂಡು ಎಡಕ್ಕೇ ತಿರುಗಿದವು.

ನಾನು ಬದುವಿನ ಮೇಲೆ ಕೂತಿದ್ದೆ.

ಹೊತ್ತು ನೆತ್ತಿಗೆ ಬಂತು. ನಡುವಿನ ಹುಲ್ಲು ಹುಡಿಯಾಯಿತು. ಪ್ರತಿ ಸುತ್ತಿಗೂ ಹುಲ್ಲು ಹಾರಿ ಪಟೇಲರ ರುಮಾಲಿನ ಮೇಲೆ ಬಿದ್ದು, ಅವರು ಗೂಡಿನಲ್ಲಿ ಕೂತ ಹಕ್ಕಿಯಂತೆ ಕಾಣುತ್ತಿದ್ದರು. ಗೌಡಗೆರೆಯ ಕಡೆಯಿಂದ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ರಸ್ತೆಯಲ್ಲಿ ನಿಂತು ನೋಡಿದ.

"ರಾಗಿ ಎಷ್ಟಾಯ್ತು ಗೌಡ್ರೇ?"

ಪಟೇಲರಿಗೆ ತಲೆ ಸುತ್ತುತ್ತಿತ್ತು.

ಇನ್‌ಸ್ಪೆಕ್ಟರು ಎತ್ತು ನಿಲ್ಲಿಸಿ, ವೃತ್ತದ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ದೇಶಿ ಎತ್ತುಗಳಿಗೆ ನೇರವಾಗಿ ನಡೆಯುವ ಬುದ್ಧಿ ಇಲ್ಲ ಎಂದು ಅದರ ಕೆಳಗೆ ಬರೆದರು. ಗಟ್ಟಿಯಾಗಿ ಓದಿಯೂ ತೋರಿಸಿದರು. ಎತ್ತಿನ ಮರ್ಯಾದೆಯ ಪ್ರಶ್ನೆ. ನಾನು ಎದ್ದು ಹೋದೆ.

"ಉಳೋವಾಗ ನೆಟ್ಟಗೇ ಹೋಗ್ತವೆ."

"ಹಾಗಾದರೆ ಇಲ್ಲಿ?"

"ಹುಲ್ಲು ಹಾಸಿದೀರಲ್ಲ. ಕಣ ಅಂದ್ಕೊಂಡವೆ. ಹತ್ತು ವರ್ಷದಿಂದ ಕಣದಲ್ಲಿ ಸುತ್ತಿ ಸುತ್ತಿ ರಾಗಿ ಒಕ್ಕೋ ಗುಂಡು ಎಳೆದಿವೆ."

"ಇದನ್ನು ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

"ಕೇಳಲಿಲ್ಲ."

೪. ಕೈ ಎತ್ತಿದರೆ

ಪುಸ್ತಕದಲ್ಲಿ ಕುದುರೆ ಎಂದೇ ಬರೆದಿದೆ ಎಂದು ಇನ್‌ಸ್ಪೆಕ್ಟರಿಗೆ ಆಮೇಲೆ ನೆನಪಾಯಿತು. ನಮ್ಮ ಸುತ್ತ ಕುದುರೆ ಎಂದರೆ ಶಿರಾದ ಜಟಕಾ ಕುದುರೆ. ಸಾಬರೊಬ್ಬರು ಬಾಡಿಗೆಗೆ ಒಪ್ಪಿ ಕುದುರೆ ತಂದರು. ಕುದುರೆಗೂ ಸಾಬರಿಗೂ ಸುಮಾರು ಒಂದೇ ವಯಸ್ಸು. ಪಕ್ಕೆಲುಬು ಎಣಿಸಲು ಇಬ್ಬರದೂ ಸಿಗುತ್ತಿತ್ತು.

ಕುದುರೆಯನ್ನು ಹೂಡಿದರು. ಪಟೇಲರು ಪೀಠವೇರಿದರು. ಕುದುರೆ ಕದಲಲಿಲ್ಲ. ಸಾಬರು ಬಾಯಲ್ಲಿ ಸದ್ದು ಮಾಡಿದರು, ಬೆನ್ನು ತಟ್ಟಿದರು, ಕಿವಿಯಲ್ಲಿ ಉರ್ದುವಿನಲ್ಲಿ ಏನೋ ಹೇಳಿದರು. ಇಲ್ಲ.

"ಕಾಯಿಲೆಯಾ?" ಎಂದರು ಇನ್‌ಸ್ಪೆಕ್ಟರು.

"ಅರೆ ಇಲ್ಲ ಸ್ವಾಮಿ. ಒಬ್ಬರಿಗೆಲ್ಲಾ ಗಾಡಿ ಹೊರಡಲ್ಲ. ನಾಕು ಜನ ಆಗ್ಬೇಕು."

ಜಟಕಾ ತುಂಬದೆ ಹೊರಟ ಅಭ್ಯಾಸ ಅದಕ್ಕಿರಲಿಲ್ಲ. ಹಿಂದೆ ಅಷ್ಟು ಭಾರ ಬೀಳದೆ ಅದು ಕಾಲು ಎತ್ತುವುದಿಲ್ಲ. ಕೊನೆಗೆ ಪಟೇಲರ ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ಮೂಕಿಯ ಮೇಲೆ ಪೂಜಾರಿ. ನಾಲ್ಕು ಜನ ಜೋತುಬಿದ್ದರು. ಕುದುರೆ ತಿರುಗಿ ನೋಡಿತು. ಎಣಿಸಿದ ಹಾಗಿತ್ತು. ಹೊರಟಿತು.

ನಿಜ ಹೇಳಬೇಕು. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಕವೆಗಳು ಹುಲ್ಲನ್ನು ಆಳೆತ್ತರ ಹಾರಿಸಿದವು. ಹುಲ್ಲು ಹಗುರವಾಗಿ ಬಿಡಿಸಿಕೊಂಡು ಬಿತ್ತು. ಊರಿನವರು ಬಾಯಿಬಿಟ್ಟು ನೋಡಿದರು. ಇನ್‌ಸ್ಪೆಕ್ಟರಿಗೆ ಉತ್ಸಾಹ ಬಂತು. ಪಕ್ಕದಲ್ಲೇ ನಡೆಯುತ್ತಾ ಕೈ ಎತ್ತಿ, ಮಹಾಜನರೇ ಗಮನಿಸಿ ಎಂದರು.

ಕುದುರೆ ನಿಂತಿತು.

ಸಾಬರು ಹೊರಡಿಸಿದರು. ಇಪ್ಪತ್ತು ಗಜ ಹೋಯಿತು. ಇನ್‌ಸ್ಪೆಕ್ಟರು ಮತ್ತೆ ಕೈ ಎತ್ತಿ, ಗಾಳಿ ಹೇಗೆ ಒಳಗೆ ಹೋಗುತ್ತದೆ ಎಂದು ತೋರಿಸಿದರು. ಮತ್ತೆ ನಿಂತಿತು. ಹೀಗೆ ಏಳೆಂಟು ಸಲ. ಪೂಜಾರಿ ಎರಡು ಸಲ ಮೂಕಿಯಿಂದ ಬಿದ್ದ. ಸಾಬರು ಸಂಕೋಚದಿಂದ ಹತ್ತಿರ ಬಂದರು.

"ಸ್ವಾಮಿ, ತಪ್ಪು ತಿಳೀಬೇಡಿ. ರಸ್ತೇಲಿ ಯಾರಾದ್ರೂ ಕೈ ಎತ್ತಿದ್ರೆ ನಿಲ್ತದೆ. ನಿಮ್ಮನ್ನ ಹತ್ತಿಸ್ಕೊಳ್ಳೋಕೆ ನೋಡ್ತಾ ಐತೆ."

ಇನ್‌ಸ್ಪೆಕ್ಟರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಕೈ ಒಳಗೆ ಹೋದ ಮೇಲೆ ಅವರಿಗೆ ಮಾತೇ ಬರಲಿಲ್ಲ. ಸಂಜೆಯ ಹೊತ್ತಿಗೆ ಮೂರು ಎಕರೆಯೂ ಮುಗಿಯಿತು.

೫. ಸಿಹಿನೀರು

ಇನ್‌ಸ್ಪೆಕ್ಟರು ಅಂದೇ ಕಾಗದ ಬರೆದರು. ಬರುವ ಸೋಮವಾರ ಬರುತ್ತೇನೆಂದು ಅಮಲ್ದಾರರಿಂದ ಉತ್ತರ ಬಂತು. ಪಟೇಲರು ಬಾವಿಯ ಅರ್ಜಿಯನ್ನು ನಾಲ್ಕನೆಯ ಸಲ ಬರೆಸಿ, ಹಳದಿ ಬಟ್ಟೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟರು. ಊರಿಗೆ ಊರೇ ಸೋಮವಾರದ ಮೇಲೆ ಕಣ್ಣಿಟ್ಟಿತು. ಹೆಂಗಸರು ಆಗಲೇ ಬಾವಿ ಎಲ್ಲಿ ತೋಡಬೇಕು, ಯಾರ ಮನೆಗೆ ಹತ್ತಿರವಾಗಬೇಕು ಎಂದು ಜಗಳ ತೆಗೆದಿದ್ದರು.

ಭಾನುವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಹೊಲಕ್ಕೆ ಬಂದು ಒಂದು ಹಿಡಿ ಹುಲ್ಲು ಎತ್ತಿಕೊಂಡರು. ಹಪ್ಪಳದ ಹಾಗೆ ಮುರಿಯಿತು.

"ಇದು ಒಣಗಿಬಿಟ್ಟಿದೆ."

"ಹೂಂ," ಅಂದೆ.

"ಪೂರ್ತಿ ಒಣಗಿದೆ."

"ಹೂಂ."

"ನಾಳೆ ಅಮಲ್ದಾರರಿಗೆ ಏನನ್ನು ಒಣಗಿಸಿ ತೋರಿಸುವುದು?"

ಕೊಯ್ಯಲು ಬೇರೆ ಹಸಿ ಹುಲ್ಲು ಆ ಸುತ್ತಿನಲ್ಲೇ ಇರಲಿಲ್ಲ. ಅವರು ಬದುವಿನ ಮೇಲೆ ಟೋಪಿ ತೆಗೆದು ಕೂತು ಯೋಚಿಸಿದರು. ಆಮೇಲೆ ಎದ್ದು, ಇದಕ್ಕೆ ನೀರು ಹಾಕಬೇಕು ಎಂದರು.

ನಾನು ಬೇಡ ಅಂದೆ. ಯಾಕೆ ಎಂದರು. ನೀರು ಅಂದೆ. ಅವರಿಗೆ ಅರ್ಥವಾಗಲಿಲ್ಲ. ಜೊತೆಯಲ್ಲಿ ಬಂದಿದ್ದ ಪಟೇಲರಿಗೆ ಅರ್ಥವಾಯಿತು. ನನ್ನನ್ನು ಪಕ್ಕಕ್ಕೆ ಕರೆದರು.

"ಒಂದು ದಿನ ತಡ್ಕೊಳ್ಳಯ್ಯ. ಅಮಲ್ದಾರರು ಖುಷಿಯಾಗ್ಬೇಕು. ಬಾವಿ ಆದ್ಮ್ಯಾಕೆ ಹುಲ್ಗೂ ಹಾಕು, ನೀನೂ ಬಿದ್ದು ಈಜು."

ಉಪ್ಪುಬಾವಿಯಿಂದ ಸೇದಿ ಹಾಕೋಣ ಎಂದು ಹೊರಟೆವು. ಇನ್‌ಸ್ಪೆಕ್ಟರು ತಡೆದರು. ಉಪ್ಪುನೀರು ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಯಂತ್ರ ಸರ್ಕಾರದ್ದು, ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಸಿಹಿನೀರೇ ಆಗಬೇಕು.

ನಮ್ಮ ಕಡೆ ಎಲ್ಲಾದರೂ ಕೆರೆ ಏರಿ ಒಡೆದರೆ ಮನೆಗೊಂದು ಆಳು ಹೋಗುವ ಪದ್ಧತಿ ಇದೆ. ಪಟೇಲರು ಅದೇ ಪದ್ಧತಿಯಲ್ಲಿ ಸಾರಿಸಿದರು. ಮನೆಗೊಬ್ಬ ಹೆಂಗಸು, ತಲೆಗೊಂದು ಕೊಡ, ತಲಪರಿಗೆಯ ನೀರು. ಸೋಮವಾರ ಮುಂಜಾನೆ ಮೂವತ್ತು ಹೆಂಗಸರು ಒಂದೂವರೆ ಮೈಲಿಯಿಂದ ಕುಡಿಯುವ ನೀರು ಹೊತ್ತು ತಂದು ಒಣಹುಲ್ಲಿಗೆ ಸುರಿದರು. ಹುಲ್ಲು ಚೆನ್ನಾಗಿ ನೆನೆಯಿತು. ಅಮಲ್ದಾರರು ಬರಲಿಲ್ಲ. ಬುಧವಾರ ಬರುತ್ತಾರೆಂದು ಆಳು ಬಂದು ಹೇಳಿದ. ಅವನು ಹೇಳಿ ಮುಗಿಸುವ ಹೊತ್ತಿಗೆ ಹುಲ್ಲು ಒಣಗಿತ್ತು.

ಬುಧವಾರ ಮತ್ತೆ ಸುರಿದರು. ಬರಲಿಲ್ಲ. ಶುಕ್ರವಾರ ಎಂದರು. ಶುಕ್ರವಾರವೂ ಸುರಿದರು. ಇನ್‌ಸ್ಪೆಕ್ಟರು ಆಕಾಶವನ್ನು ನೋಡಿ, ಏನ್ರೀ ಇದು ಬಿಸಿಲು ಎಂದು ನನ್ನನ್ನು ಗದರಿದರು. ನಾನೇ ಹಚ್ಚಿಟ್ಟವನ ಹಾಗೆ.

ತಲಪರಿಗೆಯ ತಳ ಕಾಣತೊಡಗಿತು. ಮನೆಮನೆಯಲ್ಲೂ ಉಪ್ಪುನೀರಿನ ಅಡಿಗೆ. ಬೇಳೆ ಕಲ್ಲಿನಂತೆ ಉಳಿಯುತ್ತಿತ್ತು. ಅವತ್ತು ಊಟಕ್ಕೆ ಕೂತಾಗ ನಮ್ಮಾಕೆ ಮುದ್ದೆ ಹಾಕಿ ಎದುರಿಗೆ ನಿಂತಳು.

"ಹುಲ್ಲಿಗೆ ಸೀನೀರು, ನಮಗೆ ಉಪ್ನೀರು. ಮುಂದಿನ ಜನ್ಮಕ್ಕೆ ನಾನು ಇವರ ಇಲಾಖೇಲಿ ಹುಲ್ಲಾಗಿ ಹುಟ್ತೀನಿ."

೬. ಅಮಲ್ದಾರರು ಬಂದದ್ದು

ಮುಂದಿನ ಸೋಮವಾರ ಹತ್ತು ಗಂಟೆಗೆ ಖಂಡಿತ ಎಂದು ಬರೆದ ಕಾಗದವೇ ಬಂತು. ಪಟೇಲರು ಮೂವತ್ತು ವರ್ಷದ ಅನುಭವದಿಂದ ಲೆಕ್ಕ ಹಾಕಿದರು. ಅಧಿಕಾರಿಗಳ ಹತ್ತು ಗಂಟೆ ಎಂದರೆ ಹನ್ನೆರಡು. ಬೇಗ ನೆನೆಸಿದರೆ ಅವರು ಬರುವಷ್ಟರಲ್ಲಿ ಒಣಗುತ್ತದೆ. ಒಂಬತ್ತಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿ, ಹೆಂಗಸರನ್ನು ಮನೆಗೆ ಕಳಿಸಿದರೆ ಸರಿ. ಹುಲ್ಲು ತಾನಾಗಿಯೇ ಹಸಿ ಇರುವ ಹಾಗೆ ಕಾಣುತ್ತದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಮಲ್ದಾರರು ಹೊಸಬರು ಎಂಬುದೊಂದು ಊರಿನವರಿಗೆ ಗೊತ್ತಿರಲಿಲ್ಲ.

ಪೆಟ್ರೋಲು ಸಿಗದ ಕಾಲ. ಇದ್ದಲಿನ ಹೊಗೆಯಿಂದ ಓಡುವ ಬಸ್ಸೊಂದು ದಿನಕ್ಕೆ ಒಂದು ಸಲ ನಮ್ಮ ರಸ್ತೆಯಲ್ಲಿ ಒಂಬತ್ತೂವರೆಗೆ ಹೋಗುತ್ತಿತ್ತು. ಅದರಿಂದ ಒಬ್ಬರು ಇಳಿದರು. ಬಿಳಿ ಕೋಟು, ಕೈಯಲ್ಲಿ ಕೊಡೆ, ಹಿಂದೆ ಜವಾನನಿಲ್ಲ. ಯಾರಿಗೋ ನೆಂಟರು ಬಂದಿರಬೇಕು ಎಂದುಕೊಂಡೆವು. ಅಮಲ್ದಾರರು ಬಸ್ಸಿನಲ್ಲಿ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಅವರು ರಸ್ತೆಯ ಪಕ್ಕದಲ್ಲಿ ನಿಂತು ನೋಡಿದರು. ಹಳ್ಳದ ಕಡೆಯಿಂದ ಕೊಡ ಹೊತ್ತ ಹೆಂಗಸರ ಸಾಲು. ಹೊಲದೊಳಗೆ ಬಂದು ಒಬ್ಬೊಬ್ಬಳೇ ಕೊಡ ಬಗ್ಗಿಸಿ ಹುಲ್ಲಿನ ಮೇಲೆ ನೀರು ಸುರಿಯುವುದು, ಖಾಲಿ ಕೊಡ ಹಿಡಿದು ಹೋಗುವುದು. ಆಚೆ ತುದಿಯಲ್ಲಿ ಇನ್‌ಸ್ಪೆಕ್ಟರು, ಸಾಬರು, ಪೀಠದ ಮೇಲೆ ಪಟೇಲರು. ರಸ್ತೆಗೆ ಹತ್ತಿರವಿದ್ದವರು ನಮ್ಮಾಕೆ ಮತ್ತು ನಾನು.

ಅವರು ನಮ್ಮಾಕೆಯನ್ನು ಕೇಳಿದರು.

"ಏನಮ್ಮ ಮಾಡ್ತಾ ಇದೀರಿ?"

"ಹುಲ್ಲು ನೆನೆಸ್ತಾ ಇದೀವಿ."

"ಯಾಕೆ?"

"ಒಣಗ್ಸಾಕೆ."

ಅವರು ಬಗ್ಗಿ, ನೀರು ಬೀಳದ ಕಡೆಯಿಂದ ಒಂದು ಎಳೆ ಎತ್ತಿಕೊಂಡು ಮುರಿದರು.

"ಇದು ಒಣಗೇ ಇದೆಯಲ್ಲಮ್ಮ."

"ಅದ್ಕೇ ಕಣಪ್ಪ ನೆನೆಸ್ತಿರೋದು."

ಅವರು ನನ್ನ ಮುಖ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನಮ್ಮಾಕೆ ಹಳ್ಳದ ಕಡೆ ತಿರುಗಿ, ಅಷ್ಟು ದೂರದಿಂದ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ಬಂದವರ ಗುರುತು ಹತ್ತಿತು. ಅಮಲ್ದಾರರು, ಅಮಲ್ದಾರರು ಎಂದರು. ಪಟೇಲರು ಪೀಠದಿಂದ ಹಾರಿ, ಒದ್ದೆ ಹುಲ್ಲಿನಲ್ಲಿ ಜಾರಿ, ಎದ್ದು ಓಡಿಬಂದು ಕೈಮುಗಿದು ನಿಂತರು.

ಅಮಲ್ದಾರರು ಕೇಳಿದರು.

"ಪಟೇಲರೇ, ನಿಮ್ಮೂರಲ್ಲಿ ನೀರಿನ ಅನುಕೂಲ ಹೇಗಿದೆ?"

ಪಟೇಲರು ಹುಟ್ಟಿದಾಗಿನಿಂದ ಸರ್ಕಾರ ಏನು ಕೇಳಿದರೂ ಕೊಟ್ಟದ್ದು ಒಂದೇ ಉತ್ತರ. ಅವರ ಅಪ್ಪ ಕೊಟ್ಟದ್ದೂ ಅದೇ. ಅದು ತಾನಾಗಿಯೇ ಹೊರಗೆ ಬಂತು.

"ಮಹಾಸ್ವಾಮಿಯವರ ದಯದಿಂದ ಎಲ್ಲಾ ಅನುಕೂಲವಾಗೈತೆ ಬುದ್ಧಿ."

ಹೇಳಿದ ಮೇಲೆ ಅವರ ಮುಖ ಬಿಳಿಚಿತು. ಅವಸರದಲ್ಲಿ ಸೊಂಟದಿಂದ ಹಳದಿ ಬಟ್ಟೆ ಬಿಚ್ಚಿ ಅರ್ಜಿ ಕೊಟ್ಟರು. ಅಮಲ್ದಾರರು ಓದಿದರು. ಸದರಿ ಗ್ರಾಮದ ಪ್ರಜೆಗಳು ಕುಡಿಯುವ ನೀರಿಗೆ ಪಡುತ್ತಿರುವ ಕಷ್ಟ ಹೇಳತೀರದು ಎಂದು ಶುರುವಾಗುತ್ತಿತ್ತು. ಅವರು ಓದುತ್ತಾ ಓದುತ್ತಾ ಕಾಲು ಸ್ವಲ್ಪ ಪಕ್ಕಕ್ಕೆ ಇಟ್ಟುಕೊಂಡರು. ಅವರ ಬೂಟಿನ ಸುತ್ತ ನೀರು ನಿಂತಿತ್ತು.

ನಮ್ಮಾಕೆ ನಡುವೆ ಬಂದು, ಅದು ಒಂದೂವರೆ ಮೈಲಿಯಿಂದ ಹೊತ್ತ ನೀರು ಸ್ವಾಮಿ ಎಂದಳು. ಅಮಲ್ದಾರರು, ಅಷ್ಟು ದೂರದಿಂದ ಹೊತ್ತು ತಂದು ಹುಲ್ಲಿಗೆ ಹಾಕುತ್ತೀರಾ ಎಂದು ಕೇಳಿದರು. ಅದನ್ನು ಕೇಳಿದರೆ ಸುಳ್ಳಿನ ಹಾಗೇ ಇತ್ತು. ಅವರು ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಬಂದ ಮೇಲೆ ಯಂತ್ರವನ್ನೂ ನೋಡಿದರು. ಕುದುರೆ ಹೋಯಿತು, ಕವೆ ಒದ್ದವು, ಒದ್ದೆ ಹುಲ್ಲು ಮುದ್ದೆಮುದ್ದೆಯಾಗಿ ಹಾರಿ ಬಿತ್ತು. ಇನ್‌ಸ್ಪೆಕ್ಟರು ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಅಮಲ್ದಾರರು ನನ್ನನ್ನು ಕೇಳಿದರು.

"ಯಂತ್ರ ಇಲ್ಲದೆ ಹುಲ್ಲು ಎಷ್ಟು ದಿನಕ್ಕೆ ಒಣಗುತ್ತದೆ?"

"ಎರಡು ದಿನ ಸ್ವಾಮಿ."

"ಯಂತ್ರದಿಂದ?"

"ನೆನೆಸೋದೂ ಸೇರಿ ಹದಿನೈದು."

ಅವರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಕೋಳಿಗಾಡಿಯ ಪೀಠದ ಮೇಲೆ ಅರ್ಜಿ ಇಟ್ಟು ಅದರ ಅಂಚಿನಲ್ಲಿ ಎರಡು ಸಾಲು ಬರೆದು ಪಟೇಲರ ಕೈಗೆ ಕೊಟ್ಟರು. ಬಸ್ಸು ಹೋಗಿಯಾಗಿತ್ತು. ಸಾಬರ ಕುದುರೆಯ ಮೇಲೆ ಹೋಗಲೊಪ್ಪದೆ, ಕೊಡೆ ಬಿಚ್ಚಿಕೊಂಡು ನಡೆದೇ ಹೊರಟರು. ಅವರು ತಿರುವು ದಾಟುವವರೆಗೂ ಪಟೇಲರು ಅರ್ಜಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. ಬಾವಿ ಬಂತು ಎಂದು ಹೆಂಗಸರು ಖಾಲಿ ಕೊಡ ಬಡಿದರು.

ಇನ್‌ಸ್ಪೆಕ್ಟರು ಕಾಗದ ತೆಗೆದುಕೊಂಡು ಓದಿದರು. ಈ ಗ್ರಾಮದಲ್ಲಿ ಒಣಹುಲ್ಲಿಗೂ ಸಿಹಿನೀರು ಹಾಕುವುದನ್ನು ಖುದ್ದು ನೋಡಿದ್ದೇನೆ. ಎಲ್ಲಾ ಅನುಕೂಲವಿದೆ ಎಂದು ಪಟೇಲರೂ ಹೇಳಿದ್ದಾರೆ. ಬಾವಿಯ ಅಗತ್ಯ ಕಾಣುವುದಿಲ್ಲ.

ಹೆಂಗಸರು ಕೊಡ ಕೆಳಗಿಟ್ಟರು. ಆಮೇಲೆ ಪಟೇಲರು ನಮ್ಮಾಕೆಯ ಕಡೆ ತಿರುಗಿದರು.

"ನಿನ್ನ ಯಾರಮ್ಮ ಬಾಯಿ ಬುಡು ಅಂದೋರು?"

"ನಾನು ನಾಕ್ ಮಾತಾಡಿ ಅರ್ಧ ಕೆಡಿಸ್ದೆ ಗೌಡ್ರೇ. ನೀವು ಒಂದೇ ಮಾತ್ನಾಗೆ ಪೂರಾ ಮುಗಿಸ್ಬುಟ್ರಿ."

ಹುಲ್ಲು ಮಧ್ಯಾಹ್ನದ ಹೊತ್ತಿಗೆ ಒಣಗಿತು. ಮೆದೆ ಹಾಕಿದೆ. ನಾಲ್ಕು ಸಲ ನೆನೆದು ಕಪ್ಪಾಗಿತ್ತು, ಎತ್ತು ಮೂಸಿ ನೋಡಿ ಮುಖ ತಿರುಗಿಸಿದವು. ಕೋಳಿಗಾಡಿಯನ್ನು ಇಲಾಖೆಯವರು ತೋವಿನಕೆರೆಯ ಕಡೆಗೆ ಸಾಗಿಸಿದರು.

ಆ ವರ್ಷ ಬಾವಿ ಪಕ್ಕದ ಊರಿಗೆ ಮಂಜೂರಾಯಿತು. ಅವರು ಅರ್ಜಿಯನ್ನೇ ಹಾಕಿರಲಿಲ್ಲ.